ಪಾಸ್ ಅಂತ ಬರೆದುಕೊಟ್ಟ ಕೂಸು

ಕೂಸು ಎತ್ತಿಕೊಂಡು ನನ್ನ ಕೋಣೆಗೆ ಬರುವ ಬಾಣಂತಿಗೆ ನಾನು ಹೇಳುವ ಮೊದಲ ಮಾತು ಬಳೆಯದ್ದು. ಕುಬಸದಲ್ಲಿ ಇಡಿಸಿದ ಹಸಿರು ಬಳೆ ಇನ್ನೂ ಕೈ ತುಂಬ ಇರುತ್ತವೆ. ಕೂಸಿನ ಬೆನ್ನು ತಟ್ಟಿದಾಗೆಲ್ಲ ಕಿಣಿಕಿಣಿ ಎನ್ನುತ್ತವೆ. ಕೂಸಿನ ಕಿವಿಯಲ್ಲಿ ನಾನಿಟ್ಟ ಕಡಲೆಕಾಳಿನಷ್ಟು ಮೈಕು ಬೇರೆಲ್ಲ ಬಿಟ್ಟು ಆ ಬಳೆ ಸದ್ದನ್ನೇ ಹಿಡಿಯುತ್ತದೆ. ಗದ್ದಲ ಜಾಸ್ತಿ ಅಂತ ಮಷಿನ್ ನಿಂತುಬಿಡುತ್ತದೆ. ಬಳೆ ತೆಗೆಯಿರಿ ಅನ್ನುವ ಹಾಗಿಲ್ಲ. ಹಾಗಂದರೆ ಜೊತೆಗೆ ಬಂದ ಅಜ್ಜಿಯ ಮುಖ ಕಪ್ಪಾಗುತ್ತದೆ. ಅದಕ್ಕೇ ನನ್ನ ಟೇಬಲ್ಲಿನ ಖಾನೆಯಲ್ಲಿ ನಾಲ್ಕು ಕರ್ಚೀಫು ಇವೆ. ಬಳೆಗಳನ್ನು ಮೊಣಕೈ ಕಡೆ ಸರಿಸಿ, ಮೇಲೆ ಕರ್ಚೀಫು ಬಿಗಿದು ಕಟ್ಟುತ್ತೇನೆ. ಕೂಸಿನ ಕಾಲ್ಗೆಜ್ಜೆಗೆ ಸಾಕ್ಸು.

ನಾನು ಹುಬ್ಬಳ್ಳಿಯಲ್ಲಿ ಆಡಿಯಾಲಜಿಸ್ಟ್. ಹದಿನಾರು ವರ್ಷ ಆಯಿತು. ಆಪರೇಷನ್ ಮಾಡುವವಳಲ್ಲ, ಔಷಧ ಬರೆಯುವವಳೂ ಅಲ್ಲ. ಕಿವಿಗೆ ಎಷ್ಟು ಕೇಳಿಸುತ್ತಿದೆ ಅಂತ ಅಳೆಯುತ್ತೇನೆ. ಕಡಿಮೆ ಇದ್ದರೆ ಮಷಿನ್ ಕೂಡಿಸುತ್ತೇನೆ. ಆಮೇಲೆ ಆ ಕೂಸಿಗೆ ಮಾತು ಬರುವ ತನಕ ಅವರ ಮನೆಯವರ ಬೆನ್ನು ಹತ್ತುತ್ತೇನೆ. ಎದುರಿನ ಚಹಾ ಅಂಗಡಿಯವರಿಗೆ ನಾನು ಇವತ್ತಿಗೂ 'ಕಿವಿ ಮಷಿನ್ ಬಾಯಾರು'. ಇರಲಿ, ತಪ್ಪೇನೂ ಇಲ್ಲ.

ಬಳೆ ಕಟ್ಟಿ ಮಾಡುವ ಆ ಪರೀಕ್ಷೆಗೆ ಓಎಇ ಅನ್ನುತ್ತಾರೆ. ಕಿವಿ ಸದ್ದನ್ನು ಬರೀ ಕೇಳುವುದಿಲ್ಲ, ತಾನೂ ಒಂದು ಸದ್ದು ಮಾಡುತ್ತದೆ ಅಂತ ಹೇಳಿದರೆ ಜನ ನನ್ನನ್ನೇ ಅನುಮಾನದಿಂದ ನೋಡುತ್ತಾರೆ. 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ಒಳಕಿವಿಯಲ್ಲಿ ಬಸವನಹುಳದ ಚಿಪ್ಪಿನ ಹಾಗೆ ಸುತ್ತಿಕೊಂಡ ಕಾಕ್ಲಿಯಾ ಇದೆ. ಅದರೊಳಗೆ ಸಾಲುಸಾಲಾಗಿ ಕೂದಲಿನಂಥ ಎಳೆ ಇರುವ ಜೀವಕೋಶಗಳು. ಸದ್ದು ಒಳಗೆ ಹೋದಾಗ ಹೊರಸಾಲಿನ ಕೋಶಗಳು ಕುಣಿಯುತ್ತವೆ. ಆ ಕುಣಿತದ ಒಂದು ಚೂರು, ಮಾರ್ದನಿಯ ಹಾಗೆ, ಹೊರಗೆ ಬರುತ್ತದೆ. ನನ್ನ ಮೈಕು ಹಿಡಿಯುವುದು ಅದನ್ನು. ಹಾಲು ಕುಡಿದು ಮಲಗಿದ ಕೂಸಾದರೆ ಎರಡೂ ಕಿವಿಗೆ ಸೇರಿ ಐದು ನಿಮಿಷ ಸಾಕು. ನೋವಿಲ್ಲ, ಸೂಜಿ ಇಲ್ಲ. ಮಾರ್ದನಿ ಬಂದರೆ ಮಷಿನ್ 'ಪಾಸ್' ಅನ್ನುತ್ತದೆ, ಬರದಿದ್ದರೆ 'ರೆಫರ್'.

ಈ ಎರಡು ಮಾತುಗಳ ಜೊತೆ ನನ್ನ ಜಗಳ ಹಳೆಯದು.

ರೆಫರ್ ಅಂದರೆ ಕಿವುಡು ಅಂತ ಅಲ್ಲ. ಹುಟ್ಟಿದ ಮೊದಲ ದಿನ ಕೂಸಿನ ಕಿವಿ ಕೊಳವೆಯಲ್ಲಿ ಬಿಳಿ ಜಿಡ್ಡು ಇರುತ್ತದೆ, ಒಮ್ಮೊಮ್ಮೆ ನಡುಗಿವಿಯಲ್ಲಿ ನೀರು. ಮಾರ್ದನಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೆರಡು ದಿನ ಬಿಟ್ಟು ನೋಡಿದರೆ ಎಷ್ಟೋ ಕೂಸುಗಳದ್ದು ಸರಿ ಬರುತ್ತದೆ. ಆದರೂ ರೆಫರ್ ಅಂದ ಕೂಡಲೇ ತಾಯಿಯ ಎದೆ ಹಾಲೇ ಬತ್ತಿದ ಹಾಗಾಗುತ್ತದೆ. ಹೆದರಿಸದೆ ಹೇಳುವುದನ್ನು ವರ್ಷಗಳ ಮೇಲೆ ಕಲಿತೆ. ಪಾಸ್ ಅನ್ನುವ ಮಾತಿನಿಂದ ಕಲಿತಿದ್ದು ಬೇರೆ. ಆ ಪಾಠಕ್ಕೆ ಬೆಲೆ ತೆತ್ತವರು ನಾನಲ್ಲ, ಅಣ್ಣಿಗೇರಿ ಕಡೆಯ ಒಂದು ಮನೆಯವರು.

2012. ಆಗ ನಾನು ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆ. ಗಂಡು ಕೂಸು, ತಿಂಗಳು ತುಂಬುವ ಮೊದಲೇ ಹುಟ್ಟಿತ್ತು. ಹನ್ನೆರಡು ದಿನ ಎನ್ಐಸಿಯುದಲ್ಲಿ, ಅಂದರೆ ಆಗಷ್ಟೇ ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕದಲ್ಲಿತ್ತು. ಕಾಮಣಿ ವಿಪರೀತ ಏರಿ ರಕ್ತ ಬದಲಿಸಿದ್ದರು. ಬಿಡುಗಡೆಯ ದಿನ ನನ್ನ ಹತ್ತಿರ ಕಳಿಸಿದರು. ಓಎಇ ಮಾಡಿದೆ. ಎರಡೂ ಕಿವಿಯಲ್ಲಿ ಮಾರ್ದನಿ ಚೊಕ್ಕಾಗಿ ಬಂತು. 'ಎರಡೂ ಕಿವಿ ಪಾಸ್' ಅಂತ ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿ ಕೊಟ್ಟೆ. ಕೂಸಿನ ತಾಯಿಯ ತಂದೆ ಖುಷಿಯಿಂದ ಧಾರವಾಡ ಫೇಡೆಯ ಡಬ್ಬಿ ಬಿಚ್ಚಿ ಮುಂದೆ ಹಿಡಿದರು. ನಾನೂ ಒಂದು ತಿಂದೆ.

ಎರಡು ವರ್ಷ ನಾಲ್ಕು ತಿಂಗಳ ಮೇಲೆ ಆ ತಾಯಿ ಮತ್ತೆ ಬಂದಳು. ಹುಡುಗನಿಗೆ ಒಂದೂ ಮಾತು ಬಂದಿರಲಿಲ್ಲ. ಒಮ್ಮೆ ಕರೆದರೆ ತಿರುಗುತ್ತಾನೆ, ಹತ್ತು ಸಲ ಕರೆದರೆ ಇಲ್ಲ. ಅವಳು ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ ತೆಗೆದಳು. ನಾಲ್ಕು ಮಡಿಕೆ ಮಾಡಿ ಜೋಪಾನವಾಗಿ ಇಟ್ಟ ನನ್ನದೇ ಚೀಟಿ.

"ನೀವ ಪಾಸ್ ಅಂತ ಕೊಟ್ಟೀರಲ್ರಿ ಮೇಡಮ್ಮಾರ," ಅಂದಳು. ಜಗಳದ ದನಿ ಅಲ್ಲ. ಅರ್ಥ ಆಗದವರು ಕೇಳುವ ಹಾಗೆ ಕೇಳಿದಳು.

ಆ ದಿನದ ಬೇರಾ ಪರೀಕ್ಷೆ ನನಗೆ ಇವತ್ತಿಗೂ ಒಂದೊಂದು ಗೆರೆ ನೆನಪಿದೆ. ಬೇರಾ ಅಂದರೆ ಹಣೆಗೆ, ಎರಡೂ ಕಿವಿಯ ಹಿಂದಿನ ಎಲುಬಿಗೆ ಸಣ್ಣ ಎಲೆಕ್ಟ್ರೋಡು ಅಂಟಿಸಿ, ಕಿವಿಗೆ ಟಕ್ ಟಕ್ ಅಂತ ಸದ್ದು ಕಳಿಸುವುದು. ಒಂದು ಸಲ ಅಲ್ಲ, ಸಾವಿರಾರು ಸಲ. ಪ್ರತಿ ಟಕ್ ಆದ ಮೇಲೆ ನೂರರಲ್ಲಿ ಒಂದು ಸೆಕೆಂಡಿನೊಳಗೆ ಕಿವಿಯ ನರದಿಂದ ಮೆದುಳಿನ ಬುಡದ ತನಕ ಸುದ್ದಿ ಓಡುತ್ತದೆ. ಓಡುವಾಗ ಐದು ಅಲೆ ಏಳುತ್ತವೆ. ನಾವು ಹುಡುಕುವುದು ಐದನೆಯದನ್ನು. ಸದ್ದು ಸಣ್ಣದು ಮಾಡುತ್ತಾ ಹೋಗಿ, ಅದು ಎಲ್ಲಿ ಕಾಣೆಯಾಗುತ್ತದೆ ನೋಡುತ್ತೇವೆ.

ಹುಡುಗನಿಗೆ ಡಾಕ್ಟರು ನಿದ್ದೆಯ ಔಷಧ ಕೊಟ್ಟಿದ್ದರು. ದೀಪ, ಫ್ಯಾನು, ಎಲ್ಲರ ಮೊಬೈಲು ಬಂದ್ ಮಾಡಿಸಿದೆ. 90 ಡೆಸಿಬೆಲ್ ಕೊಟ್ಟೆ. ಐದನೆಯ ಅಲೆ ಇಲ್ಲ. ಮೂರನೆಯದೂ ಇಲ್ಲ. ಆದರೆ ಗೆರೆಯ ಶುರುವಿನಲ್ಲೇ ಸಣ್ಣಗೆ ಒಂದಿಷ್ಟು ಏರಿಳಿತ. ಸದ್ದಿನ ದಿಕ್ಕು ಬದಲಿಸಿದೆ, ಅಂದರೆ ಮೊದಲು ಗಾಳಿಯನ್ನು ಎಳೆಯುವ ಟಕ್ ಇದ್ದದ್ದನ್ನು ತಳ್ಳುವ ಟಕ್ ಮಾಡಿದೆ. ಏರಿಳಿತ ಕನ್ನಡಿಯಲ್ಲಿ ನೋಡಿದ ಹಾಗೆ ತಲೆಕೆಳಗಾಯಿತು. ನರದ ಅಲೆ ಹಾಗೆ ತಿರುಗುವುದಿಲ್ಲ. ಮಷಿನ್ನಿನದೇ ಕಿತಾಪತಿ ಇರಬಹುದಾ ಅಂತ, ಕಿವಿಗೆ ಸದ್ದು ಒಯ್ಯುವ ಸಣ್ಣ ರಬ್ಬರ್ ನಳಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ಮುಚ್ಚಿದೆ. ಏರಿಳಿತ ಅಳಿಸಿಹೋಯಿತು. ಬೆರಳು ಬಿಟ್ಟೆ, ಮತ್ತೆ ಬಂತು. ಅಂದರೆ ಅದು ಹುಡುಗನ ಕಾಕ್ಲಿಯಾದಿಂದಲೇ ಬರುತ್ತಿದೆ. ಕಾಕ್ಲಿಯಾ ಬದುಕಿದೆ, ಕುಣಿಯುತ್ತಿದೆ. ಅಲ್ಲಿಂದ ಮುಂದೆ ಸುದ್ದಿ ಹೋಗುತ್ತಿಲ್ಲ. ಓಎಇ ಮತ್ತೆ ಮಾಡಿದೆ. ಪಾಸ್.

ಇದಕ್ಕೆ ಆಡಿಟರಿ ನ್ಯೂರೋಪತಿ ಅನ್ನುತ್ತಾರೆ. 1996ರಿಂದ ಈ ಹೆಸರು ಇದೆ. ಭಜನೆಗೆ ಇಪ್ಪತ್ತು ಜನ ಕೂತಿದ್ದಾರೆ, ಎಲ್ಲರ ಕೈಯಲ್ಲೂ ತಾಳ ಇದೆ, ಆದರೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಡಿಯುತ್ತಾರೆ ಅಂದುಕೊಳ್ಳಿ. ಸದ್ದಿಗೇನೂ ಕಡಿಮೆ ಇಲ್ಲ, ಪದ ಮಾತ್ರ ತಿಳಿಯುವುದಿಲ್ಲ. ಇಂಥ ಕಿವಿಯ ನರದಲ್ಲಿ ಆಗುವುದು ಹಾಗೆ. ವಿಪರೀತ ಏರಿದ ಕಾಮಣಿ ಇದಕ್ಕೆ ಒಂದು ಮುಖ್ಯ ಕಾರಣ. ಓಎಇ ನೋಡುವುದು ತಾಳ ಇದೆಯಾ ಅಂತ, ಅಷ್ಟೇ. ಹೊಂದಿ ಬಡಿಯುತ್ತಿದೆಯಾ ಅಂತ ಅದು ನೋಡುವುದಿಲ್ಲ.

ಎನ್ಐಸಿಯುದಲ್ಲಿ ಐದು ದಿನಕ್ಕಿಂತ ಹೆಚ್ಚು ಇದ್ದ ಕೂಸಿಗೆ ಬೇರಾ ಥರದ ಪರೀಕ್ಷೆಯೇ ಆಗಬೇಕು, ಬರೀ ಓಎಇ ಸಾಲದು ಅಂತ ಅಮೆರಿಕದ ಮಕ್ಕಳ ಶ್ರವಣದ ಜಂಟಿ ಸಮಿತಿ 2007ರಲ್ಲೇ ಹೇಳಿತ್ತು. ನಾನು ಅದನ್ನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆ ಆಸ್ಪತ್ರೆಯಲ್ಲಿ ಬೇರಾ ಮಷಿನ್ ಇರಲಿಲ್ಲ, ನಿಜ. ಆದರೆ ಊರಲ್ಲಿ ಬೇರೆ ಕಡೆ ಇತ್ತು. ಒಂದು ಸಾಲು ಬರೆದು ಕಳಿಸಿದ್ದರೆ ಆಗುತ್ತಿತ್ತು. ಅವತ್ತು ಸಂಜೆಯಾಗಿತ್ತು, ಹೊರಗೆ ಇನ್ನೂ ಮೂರು ಕೂಸುಗಳಿದ್ದವು. ಬರೆಯಲಿಲ್ಲ.

ನನಗೆ ಜಾಸ್ತಿ ಚುಚ್ಚಿದ್ದು ತಾಯಿ ಆಮೇಲೆ ಹೇಳಿದ ಮಾತು. ವರ್ಷ ತುಂಬಿದಾಗಲೇ ಅವಳಿಗೆ ಅನುಮಾನ ಬಂದಿತ್ತಂತೆ. "ಕಿವಿ ಚೊಲೋ ಅದಾವ ಅಂತ ಹುಬ್ಬಳ್ಳ್ಯಾಗ ಚೀಟಿ ಕೊಟ್ಟಾರ, ಸುಮ್ನಿರು, ಗಂಡ್ಹುಡುಗರು ತಡಾ ಮಾತಾಡ್ತಾವ" ಅಂತ ಅತ್ತೆ ಅಂದರಂತೆ. ಚೀಟಿ ಇಲ್ಲದೇ ಇದ್ದಿದ್ದರೆ ಅವಳು ಒಂದು ವರ್ಷ ಮುಂಚೆ ಬಂದಿರುತ್ತಿದ್ದಳು.

ತಪ್ಪು ನನ್ನದು ಅಂತ ಅವರಿಗೆ ಹೇಳಿದೆ. ಹುಡುಗನ ತಂದೆ ಗೋಡೆ ನೋಡುತ್ತಾ ನಿಂತರು. ತಾಯಿ ಮಾತ್ರ, "ಆಗೂದು ಆಗಿ ಹೋತು. ಈಗ ಏನ್ ಮಾಡೂದ್ರಿ, ಅದನ್ನ ಹೇಳ್ರಿ" ಅಂದಳು. ಮಾಡಿದ್ದು ಇಷ್ಟು. ಮೊದಲು ಆರು ತಿಂಗಳು ಕಿವಿ ಮಷಿನ್ ಹಾಕಿ ನೋಡಿದೆವು. ಅಂಥ ಉಪಯೋಗ ಆಗಲಿಲ್ಲ. ಆಮೇಲೆ, ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಆಯಿತು, ಮೂರು ವರ್ಷ ದಾಟಿದ ಮೇಲೆ. ಅಂದರೆ ಆಪರೇಷನ್ ಮಾಡಿ ಕಾಕ್ಲಿಯಾದೊಳಗೆ ಎಲೆಕ್ಟ್ರೋಡು ಕೂಡಿಸಿ, ನರಕ್ಕೆ ನೇರವಾಗಿ ಸುದ್ದಿ ಮುಟ್ಟಿಸುವುದು. ಈಗ ಹುಡುಗ ಎಂಟನೆಯ ತರಗತಿ. ಮಾತಾಡುತ್ತಾನೆ. ಸ, ಶ ಇನ್ನೂ ಕಲಸಿ ಬರುತ್ತವೆ. ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡಿದರೆ ಅವನಿಗೆ ಏನೂ ತಿಳಿಯುವುದಿಲ್ಲ. ಫೋನಿನಲ್ಲಿ ಅವ್ವನ ದನಿ ಒಂದೇ ಅರ್ಥವಾಗುತ್ತದೆ. ಕ್ರಿಕೆಟ್ ಆಡುವಾಗ ಇಂಪ್ಲಾಂಟಿನ ಹೊರಗಿನ ಭಾಗವಾದ ಪ್ರೊಸೆಸರ್ ಬಿಚ್ಚಿ ತಂಗಿಯ ಕೈಗೆ ಕೊಡುತ್ತಾನೆ. ಬೇಗ ಗೊತ್ತಾಗಿದ್ದರೆ ಅವನ ಸ, ಶ ಬೇರೆಬೇರೆ ಆಗುತ್ತಿದ್ದವಾ? ಆಗುತ್ತಿದ್ದವು ಅಂತಲೇ ನನಗೆ ಅನಿಸುತ್ತದೆ.

ಆ ಮೇಲೆ ನಾನು 'ಪಾಸ್' ಅಂತ ಬರೆದು ಕೊಟ್ಟಿಲ್ಲ. ಚೀಟಿಯಲ್ಲಿ ಕನ್ನಡದಲ್ಲೇ ಬರೆಯುತ್ತೇನೆ: ಇವತ್ತಿನ ಪರೀಕ್ಷೆಯಲ್ಲಿ ಒಳಕಿವಿಯ ಹೊರಸಾಲಿನ ಕೋಶಗಳು ಸರಿ ಇವೆ. ಕೂಸು ಮೂರು ತಿಂಗಳಿಗೆ ನಿಮ್ಮ ದನಿಗೆ ಸುಮ್ಮನಾಗದಿದ್ದರೆ, ಎಂಟು ತಿಂಗಳಿಗೆ ಹೆಸರು ಕರೆದರೆ ತಿರುಗದಿದ್ದರೆ, ವರ್ಷವಾದರೂ ಅವ್ವ, ಅಪ್ಪ, ಅತ್ತಾ ಅಂತ ಒಂದು ಮಾತೂ ಬರದಿದ್ದರೆ, ಈ ಚೀಟಿಯನ್ನು ನಂಬಬೇಡಿ, ಕೂಸನ್ನು ಕರೆದುಕೊಂಡು ಬನ್ನಿ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಇದನ್ನು ನೋಡಿ ನಕ್ಕಳು. ನಿನ್ನ ಚೀಟಿಯನ್ನು ನೀನೇ ನಂಬಬೇಡಿ ಅಂತೀಯಲ್ಲೇ ಅಂದಳು. ಹೌದು, ಅಂತೀನಿ. ಮೆದುಳುಜ್ವರ ಬಂದು ಹೋದ ಮೇಲೆ ಕಿವಿ ಹೋಗಬಹುದು. ಬಸುರಿಯಲ್ಲಿ ಸಿಎಂವಿ ಅನ್ನುವ ವೈರಸ್ ತಗುಲಿದ್ದರೆ ಹುಟ್ಟಿದಾಗ ಚೆನ್ನಾಗಿದ್ದ ಕಿವಿಯೂ ತಿಂಗಳುಗಳ ಮೇಲೆ ಕೆಡಬಹುದು. ಒಂದು ದಿನದ ಪರೀಕ್ಷೆ ಆ ಒಂದು ದಿನದ್ದು, ಅಲ್ವಾ?

ನಮ್ಮ ಕೆಲಸದಲ್ಲಿ ಒಂದು-ಮೂರು-ಆರು ಅನ್ನುವ ಲೆಕ್ಕ ಇದೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಇದೆಯೋ ಇಲ್ಲವೋ ಖಚಿತ, ಆರು ತಿಂಗಳೊಳಗೆ ಮಷಿನ್ ಮತ್ತು ತರಬೇತಿ. 1998ರಲ್ಲಿ ಅಮೆರಿಕದ ಕೊಲರಾಡೋದಲ್ಲಿ ಕ್ರಿಸ್ಟೀನ್ ಯೋಶಿನಾಗಾ-ಇಟಾನೋ ಮತ್ತು ಜೊತೆಗಾರರು ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳೊಳಗೆ ಗೊತ್ತಾದ ಮಕ್ಕಳ ಭಾಷೆ ಆಮೇಲೆ ಗೊತ್ತಾದವರಿಗಿಂತ ಬಹಳ ಮುಂದಿತ್ತು. ಆ ಲೆಕ್ಕ ಮಾಡಿದವರಿಗೆ ನಮ್ಮ ಬಾಣಂತನ ಗೊತ್ತಿರಲಿಲ್ಲ ಅಷ್ಟೇ.

ನಮ್ಮಲ್ಲಿ ಹೆರಿಗೆಯಾದ ಮೇಲೆ ಹುಡುಗಿ ತವರಿನಲ್ಲಿ ಮೂರು ತಿಂಗಳು, ಐದು ತಿಂಗಳು. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಪು, ಗಾಳಿಗೆ ಹೊರಗೆ ಬರುವ ಹಾಗಿಲ್ಲ. ಬಾಣಂತಿಯನ್ನು ಬಸ್ ಹತ್ತಿಸಿ ಹುಬ್ಬಳ್ಳಿಗೆ ಕಳಿಸಿ ಅಂದರೆ ಯಾವ ತಾಯಿ ಒಪ್ಪುತ್ತಾಳೆ? ನನ್ನ ಅವ್ವನೂ ಒಪ್ಪಿರಲಿಲ್ಲ. ಸರಿಯಾಗಿ ಆ ಐದು ತಿಂಗಳಲ್ಲೇ ನನ್ನ ಕೆಲಸವೆಲ್ಲ ಇದೆ. ಹೆರಿಗೆ ಹುಬ್ಬಳ್ಳಿಯಲ್ಲಿ, ಗಂಡನ ಮನೆ ನವಲಗುಂದದ ಕಡೆ, ತವರು ರೋಣದ ಕಡೆ. ಆಸ್ಪತ್ರೆಯ ಕಾಗದದಲ್ಲಿ ಇರುವುದು ಗಂಡನ ನಂಬರು. ಅವನಿಗೆ ಫೋನ್ ಮಾಡಿದರೆ, "ಅಕಿ ತವರಮನ್ಯಾಗ ಅದಾಳ್ರಿ, ಬಂದ ಮ್ಯಾಲೆ ನೋಡೂಣ್ರಿ." ಬರುವ ಹೊತ್ತಿಗೆ ಹತ್ತಿ ಬಿಡಿಸುವ ಕಾಲ. ಆಮೇಲೆ ಕಡಲೆ ಕೀಳುವ ಕಾಲ. ಆಮೇಲೆ ಆ ನಂಬರೇ ಚಾಲ್ತಿಯಲ್ಲಿರುವುದಿಲ್ಲ.

ಅದಕ್ಕೆ ನನ್ನ ಹತ್ತಿರ ಒಂದು ಉದ್ದ ರಿಜಿಸ್ಟರ್ ಇದೆ. ಕಂಪ್ಯೂಟರ್ ಇದೆ, ಅದರಲ್ಲಿ ಬೇರೆ ಏನೇನೋ ಹಾಕುತ್ತೇನೆ. ಇದು ಕೈಬರಹದ್ದು. ರೆಫರ್ ಆದ ಕೂಸು, ಎನ್ಐಸಿಯು ಕೂಸು, ಇವೆರಡೇ ಇದರಲ್ಲಿ. ಮೂರು ಫೋನ್ ನಂಬರಿನ ಖಾನೆ: ಗಂಡ, ತವರಿನಲ್ಲಿ ಒಬ್ಬರು, ತವರೂರಿನ ಆಶಾ. ಕೂಸಿನ ಮಾವನ ನಂಬರ್ ಸಿಕ್ಕರೆ ಅದೇ ಎಲ್ಲಕ್ಕಿಂತ ಗಟ್ಟಿ. ಗಂಡನ ಮನೆಯವರು ನಾಳೆ ನೋಡೋಣ ಅಂದರೂ ಸೋದರಮಾವ ಬೈಕ್ ತೆಗೆಯುತ್ತಾನೆ. ಇದು ನನ್ನ ಅನುಭವ, ಯಾವ ಪುಸ್ತಕದಲ್ಲೂ ಇಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಇನ್ನೊಂದು ಸುಲಭವಾಯಿತು. ಅಜ್ಜಿ, ಮಗಳು, ಕೂಸು ಮೂವರೇ ಬಸ್ ಹತ್ತಿ ಬರುತ್ತಾರೆ. ಗಂಡಸರ ಕೈಗೆ ರೊಕ್ಕ ಬರುವ ತನಕ, ಅವರಿಗೆ ಬಿಡುವು ಸಿಗುವ ತನಕ ಕಾಯುವುದಿಲ್ಲ.

ಫೋನಿನಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು, "ತಾಟು ಬಡದು ನೋಡೇವ್ರಿ, ಕೂಸು ಬೆಚ್ಚತೈತಿ." ಸ್ಟೀಲ್ ತಾಟಿಗೆ ಸೌಟಿನಿಂದ ಬಡಿದರೆ ಕೂಸು ಬೆಚ್ಚುವುದು ನಿಜ. ಆದರೆ ತೊಟ್ಟಿಲು ನಡುಗುತ್ತದೆ, ಗಾಳಿ ತಾಗುತ್ತದೆ, ಕಣ್ಣಂಚಿಗೆ ಅಜ್ಜಿಯ ಕೈ ಕಾಣುತ್ತದೆ. ಅದೂ ಅಲ್ಲದೆ ಅರ್ಧ ಕೇಳುವ ಕಿವಿಗೂ ತಾಟಿನ ಸದ್ದು ಕೇಳುತ್ತದೆ. ಮಾತು ತಾಟಿನಷ್ಟು ಜೋರಾಗಿ ಇರುವುದಿಲ್ಲವಲ್ಲ. 'ಸಾಕು' ಅಂದಾಗ 'ಆಕು' ಅಂತ ಕೇಳಿಸಿಕೊಳ್ಳುವ ಮಗು ತಾಟಿಗೆ ದಿನಾ ಬೆಚ್ಚುತ್ತದೆ.

ಎರಡು ವರ್ಷದ ಹಿಂದೆ ಸವಣೂರು ಕಡೆಯ ಒಂದು ಹೆಣ್ಣು ಕೂಸಿನ ಮನೆಯಲ್ಲಿ ಇದಕ್ಕಿಂತ ಗಟ್ಟಿ ಸಾಕ್ಷಿ ಇತ್ತು. ಹೆಸರಿಡುವ ದಿನ ಸೋದರತ್ತೆ ಕಿವಿಯಲ್ಲಿ 'ಕುರ್ರ್' ಅಂದಾಗ ಕೂಸು ಮುಖ ತಿರುಗಿಸಿತ್ತು, ಇಡೀ ಓಣಿಯ ಹೆಂಗಸರು ನೋಡಿದ್ದರು. ಅಷ್ಟು ಹತ್ತಿರ ಬಾಯಿ ತಂದು ಊದಿದರೆ ಬಿಸಿ ಉಸಿರಿಗೆ ಯಾರು ಬೇಕಾದರೂ ತಿರುಗುತ್ತಾರೆ ಅಂತ ಹೇಳಿದೆ. ಅತ್ತೆಗೆ ಬೇಜಾರಾಯಿತು. ಎರಡು ಸಲ ರೆಫರ್ ಬಂದಿತ್ತು. ಬೇರಾ ಮಾಡಿದಾಗ ನಾಲ್ಕು ತಿಂಗಳು. ಎರಡೂ ಕಿವಿಗೆ ತೀವ್ರ ಕಿವುಡು.

ನಾನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಸಂಬಂಧದಲ್ಲೇ ಮದುವೆಯಾ? ಹೌದು, ಸ್ವಂತ ಸೋದರಮಾವ. ಕೇಳಿದ ಕೂಡಲೇ ಎಲ್ಲರ ಕಣ್ಣು ತಾಯಿಯ ಮೇಲೆ ಹೋಗುತ್ತವೆ, ಗಂಡನ ಮೇಲೆ ಯಾವತ್ತೂ ಹೋಗುವುದಿಲ್ಲ. ಅದಕ್ಕೇ ಈಗ ಕಾಗದದ ಮೇಲೆ ಎರಡು ಜೋಡಿ ಗೆರೆ ಎಳೆದು ತೋರಿಸುತ್ತೇನೆ. ಒಂದು ಗುಣಕ್ಕೆ ಎರಡು ಪ್ರತಿ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟಿದ್ದರೂ ಇನ್ನೊಂದು ನಡೆಸುತ್ತದೆ, ಕಿವಿ ಕೇಳುತ್ತದೆ. ಇಬ್ಬರೂ ಕೆಟ್ಟದ್ದನ್ನೇ ಕೊಟ್ಟಾಗ ಮಾತ್ರ ತೊಂದರೆ, ಅದು ನಾಲ್ಕರಲ್ಲಿ ಒಂದು ಸಲ. ಒಂದೇ ರಕ್ತದವರಾದರೆ ಇಬ್ಬರಲ್ಲೂ ಅದೇ ಕೆಟ್ಟ ಪ್ರತಿ ಇರುವ ಸಾಧ್ಯತೆ ಜಾಸ್ತಿ. ಹುಟ್ಟು ಕಿವುಡಿನಲ್ಲಿ ಜಿಜೆಬಿ2 ಅನ್ನುವ ಜೀನು ಬಹಳ ಸಲ ಸಿಗುತ್ತದೆ. ಇಬ್ಬರದೂ ಸಮಪಾಲು. ಗ್ರಹಣ, ದೃಷ್ಟಿ, ಬಸುರಿಯಲ್ಲಿ ತಿಂದ ಪಪಾಯಿ, ಯಾವುದೂ ಅಲ್ಲ. ಇಷ್ಟು ಹೇಳಿ ಮುಗಿಸುವಾಗ ಆ ತಾಯಿ ಮೊದಲ ಸಲ ತಲೆ ಎತ್ತಿದಳು.

ಮಷಿನ್ ಹಾಕುವುದಕ್ಕೆ ಮೊದಲು ಅಚ್ಚು ತೆಗೆಯಬೇಕು. ಕೂಸಿನ ಕಿವಿ ಕೊಳವೆ ಎಷ್ಟು ಸಣ್ಣದು ಅಂದರೆ, ಮೊದಲು ದಾರ ಕಟ್ಟಿದ ಸ್ಪಂಜಿನ ಒಂದು ಚೂರನ್ನು ಒಳಗೆ ತಡೆಗೆ ಇಡಬೇಕು. ಇಲ್ಲದಿದ್ದರೆ ಮಸಾಲೆ ಪರದೆಗೆ ಹೋಗಿ ಕೂತೀತು. ಆಮೇಲೆ ಎರಡು ಬಣ್ಣದ ಸಿಲಿಕೋನ್ ಮುದ್ದೆಗಳನ್ನು ಚಪಾತಿ ಹಿಟ್ಟಿನ ಹಾಗೆ ನಾದಿ, ಸಿರಿಂಜಿನಲ್ಲಿ ತುಂಬಿ ಕಿವಿಗೆ ಬಿಡುತ್ತೇನೆ. ಐದು ನಿಮಿಷ ಗಟ್ಟಿಯಾಗಲಿಕ್ಕೆ. ಆ ಐದು ನಿಮಿಷ ಕೂಸಿನ ತಲೆ, ದವಡೆ ಆದಷ್ಟು ಆಡಬಾರದು, ಹಾಗಾಗಿ ಮಲಗಿದ್ದರೆ ಒಳ್ಳೆಯದು. ಕೂಸಿನ ಕಿವಿ ಬೆಳೆಯುತ್ತಲೇ ಇರುತ್ತದೆ. ತಿಂಗಳು, ಎರಡು ತಿಂಗಳಿಗೆ ಅಚ್ಚು ಸಡಿಲವಾಗಿ ಕುಂಯ್ಯ್ ಅಂತ ಸಿಳ್ಳೆ ಹಾಕುತ್ತದೆ. ಮತ್ತೆ ಹೊಸ ಅಚ್ಚು. ಮೊದಲ ವರ್ಷದಲ್ಲಿ ಈ ಕೂಸಿಗೆ ಏಳು ಜೋಡಿ ಮಾಡಿದೆ.

ಇನ್ನೊಂದು, ಮಷಿನ್ನಿನ ಸದ್ದು ಎಷ್ಟು ಇಡಬೇಕು ಅನ್ನುವುದು. ದೊಡ್ಡವರಿಗೆ ಇಡುವ ಲೆಕ್ಕವನ್ನೇ ಇಟ್ಟರೆ ಕೂಸಿಗೆ ಅತಿಯಾಗುತ್ತದೆ. ಸಣ್ಣ ಕೊಳವೆಯಲ್ಲಿ ಅದೇ ಸದ್ದು ಜೋರಾಗುತ್ತದೆ, ಸಣ್ಣ ಕೊಡದಲ್ಲಿ ನೀರು ಬೇಗ ಮೇಲೇರಿದ ಹಾಗೆ. ಅದನ್ನು ಅಳೆದು ಕಳೆಯಬೇಕು. ಅಂಗಡಿಯಲ್ಲಿ ಕೊಂಡು ಮನೆಯಲ್ಲೇ ಹಾಕಿಕೊಂಡರಾಯಿತು ಅನ್ನುವವರಿಗೆ ನಾನು ಇದೊಂದೇ ಹೇಳುವುದು. ಮತ್ತೆ ಬ್ಯಾಟರಿ. ಅದರ ಬಾಗಿಲಿಗೆ ಬೀಗ ಇರುವ ಮಷಿನ್ನೇ ಕೂಸಿಗೆ ಬೇಕು. ಗುಂಡಿಯಂಥ ಆ ಬ್ಯಾಟರಿ ನುಂಗಿದರೆ ಗಂಟಲು ಸುಡುತ್ತದೆ.

ಮೊಬೈಲಿನಲ್ಲಿ ವಿಡಿಯೋ ಬರುತ್ತವಲ್ಲ, ಮಷಿನ್ ಹಾಕಿದ ಕೂಡಲೇ ಕೂಸು ನಗುತ್ತದೆ, ತಾಯಿ ಅಳುತ್ತಾಳೆ. ನನ್ನ ಕೋಣೆಯಲ್ಲಿ ಹಾಗೆ ಆಗುವುದು ಕಡಿಮೆ. ಸವಣೂರಿನ ಕೂಸಿಗೆ ಐದೂವರೆ ತಿಂಗಳಿಗೆ ಮಷಿನ್ ಹಾಕಿದೆ. ಅದು ಹಾಲು ಕುಡಿಯುತ್ತಿತ್ತು. ಸ್ವಿಚ್ ಹಾಕಿ ತಾಯಿಗೆ ಮಾತಾಡು ಅಂದೆ. ಅವಳಿಗೆ ಏನು ಮಾತಾಡಬೇಕೋ ತೋಚಲಿಲ್ಲ, "ಏನವ್ವಾ," ಅಂದಳು. ಕೂಸು ಚೀಪುವುದನ್ನು ನಿಲ್ಲಿಸಿತು. ಮೊಲೆ ಬಾಯಲ್ಲೇ ಇತ್ತು, ಕಣ್ಣು ಮಾತ್ರ ದೊಡ್ಡದಾದವು. ಎರಡು ಕ್ಷಣ. ಮತ್ತೆ ಚೀಪತೊಡಗಿತು. ಅಷ್ಟೇ. ಯಾರೂ ವಿಡಿಯೋ ಮಾಡಿರಲಿಲ್ಲ. ಅಜ್ಜಿ, "ಏನೂ ಆಗಲಿಲ್ಲಲ್ರಿ?" ಅಂದರು. ನಾನು ಆ ಎರಡು ಕ್ಷಣವನ್ನು ಅವರಿಗೆ ಮತ್ತೆ ಮಾಡಿ ತೋರಿಸಿದೆ.

ಆ ಅಜ್ಜಿಯಿಂದ ನಾನೊಂದು ಕಲಿತೆ. ಕೂಸು ದಿನಕ್ಕೆ ಹತ್ತು ಸಲ ಮಷಿನ್ ಕಿತ್ತು ಬಾಯಿಗೆ ಹಾಕುತ್ತಿತ್ತು. ಕುಲಾಯಿ ಹಾಕಿದರೆ ಬಟ್ಟೆ ತಾಗಿ ಸಿಳ್ಳೆ. ಅಜ್ಜಿ ಕುಲಾಯಿಯ ಕಿವಿಯ ಜಾಗ ಕತ್ತರಿಸಿ, ಹಳೆಯ ಸೊಳ್ಳೆ ಪರದೆಯ ತುಂಡು ಹೊಲಿದರು. ಸದ್ದು ಒಳಗೆ ಹೋಗುತ್ತದೆ, ಕೂಸಿನ ಬೆರಳು ಹೋಗುವುದಿಲ್ಲ. ಈಗ ನನ್ನ ಗೋಡೆಗೆ ಅಂಥದೇ ಒಂದು ಕುಲಾಯಿ ತೂಗುಹಾಕಿದ್ದೇನೆ, ಬಂದವರೆಲ್ಲ ಅಳತೆ ತೆಗೆದುಕೊಂಡು ಹೋಗುತ್ತಾರೆ. ಕೂಸಿಗೀಗ ಎರಡೂವರೆ ವರ್ಷ. ವಾರಕ್ಕೊಮ್ಮೆ ತರಬೇತಿಗೆ ಬರುತ್ತದೆ. 'ಅಜ್ಜಿ ರೊಟ್ಟಿ ಕೊಡು' ಅನ್ನುತ್ತದೆ, 'ಬ್ಯಾಡ' ಅಂತಲೂ ಅನ್ನುತ್ತದೆ. ಬ್ಯಾಡ ಜಾಸ್ತಿ.

ದುಡ್ಡಿನ ವಿಷಯ ಕೇಳುವವರಿಗೆ ಎರಡು ಸಾಲು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟು ಕಿವುಡು ಇದೆ. ಆಶಾ ಅಥವಾ ಅಂಗನವಾಡಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಮಷಿನ್ನಿಗೆ, ಇಂಪ್ಲಾಂಟಿಗೆ ಸರ್ಕಾರದ ಯೋಜನೆಗಳಿವೆ. ಇಂಪ್ಲಾಂಟಿಗೆ ವಯಸ್ಸಿನ ಮಿತಿ ಇದೆ, ಆದ್ದರಿಂದ ಅರ್ಜಿಯನ್ನು ನಾಳೆಗೆ ಇಡಬೇಡಿ. ಪರೀಕ್ಷೆ ಮಾಡುವವರು ಆರ್‌ಸಿಐ, ಅಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುವವರಾ ಅಂತ ಕೇಳಿ. ಕೇಳಿದರೆ ನಮಗೆ ಬೇಜಾರಿಲ್ಲ.

ಇವತ್ತು ಬೆಳಿಗ್ಗೆ ಏಳಕ್ಕೆ ರಿಜಿಸ್ಟರಿನ ಒಂದು ನಂಬರಿನಿಂದ ಫೋನ್ ಬಂತು. ಶಿರಹಟ್ಟಿ ಕಡೆಯವರು, ಎನ್ಐಸಿಯು ಕೂಸು, ಒಂಬತ್ತು ದಿನ ಇತ್ತು, ಕಾಮಣಿ. ಈಗ ಎರಡೂವರೆ ತಿಂಗಳು. ಓಎಇ ಚೆನ್ನಾಗಿಯೇ ಬಂದಿದೆ. ಬೇರಾಕ್ಕೆ ಅಂತ ನಾಲ್ಕು ಸಲ ಫೋನ್ ಮಾಡಿದ್ದೆ.

"ಬಸ್ ಹತ್ತೇವ್ರಿ ಬಾಯಾರ," ಅಂದರು ಅಜ್ಜಿ.

"ಬಸ್ಸಿನಾಗ ಕೂಸಿನ್ನ ಮಲಗಿಸಬ್ಯಾಡ್ರಿ ಅಜ್ಜಿ. ಆಡಿಸ್ಕೋತ ಬರ್ರಿ. ಇಲ್ಲೆ ಬಂದ ಮ್ಯಾಲೆ ಹಾಲು ಕುಡಿಸೂಣು, ಇಲ್ಲೇ ಮಲಗಲಿ."

"ಆತ್ರಿ, ಮಲಗಿಸೂದುಲ್ಲ."

ಹತ್ತಕ್ಕೆ ಬಂದರು. ಕೂಸು ಶಿರಹಟ್ಟಿಯಿಂದ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನ ತನಕ ಗಾಢ ನಿದ್ದೆ. ಈಗ ಹನ್ನೊಂದೂ ಕಾಲು. ದೀಪ ಆರಿಸಿದ್ದೇನೆ, ಫ್ಯಾನ್ ನಿಲ್ಲಿಸಿದ್ದೇನೆ, ತಾಯಿಯ ಬಳೆಗೆ ಕರ್ಚೀಫು ಕಟ್ಟಾಗಿದೆ. ಹಣೆಯ ಮೇಲೆ ಎಲೆಕ್ಟ್ರೋಡು ಅಂಟಿಸಿಕೊಂಡು ಕೂಸು ಕತ್ತಲಲ್ಲಿ ನನ್ನ ಮೊಬೈಲಿನ ಬೆಳಕು ನೋಡುತ್ತಾ ಕಾಲು ಬಡಿಯುತ್ತಿದೆ. ಮೊಬೈಲ್ ಒಳಗಿಟ್ಟರೆ ಮಲಗೀತು ಅನ್ನುತ್ತಿದ್ದಾರೆ ಅಜ್ಜಿ.